ಉತಾರ ಯಾರ ಹೆಸರಿಲೆ ಐತಿ?

ನಮ್ಮ ವಕೀಲ ಅಕ್ಕಾರ ತಲೆಗೆ ಎಣ್ಣೆ ಯಾವಾಗಲೂ ಒಂದು ಪಾಲು ಹೆಚ್ಚೇ. ಬೈತಲೆಯ ಎರಡೂ ಬದಿ ಕೂದಲು ನೆತ್ತಿಗೆ ಅಂಟಿಕೊಂಡು ಮಿರಮಿರ ಮಿಂಚುತ್ತಿತ್ತು. ಬೇಸಿಗೆಯಲ್ಲಿ ಅದು ಹಣೆಗೆ ಇಳಿದು ವಿಭೂತಿಯನ್ನು ಅರ್ಧ ಅಳಿಸಿಬಿಡುತ್ತಿತ್ತು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವರು ಮಸಿ ಬೆರಳನ್ನು ಎಲ್ಲಿ ಒರೆಸುವುದೆಂದು ಗೋಡೆ ನೋಡುತ್ತ ನಿಂತರೆ ಅಕ್ಕಾರು ತಮ್ಮ ಬೈತಲೆಯ ಮೇಲೆ ಬೆರಳಾಡಿಸಿ, ಆ ಎಣ್ಣೆಯನ್ನೇ ಅವರ ಹೆಬ್ಬೆರಳಿಗೆ ತಿಕ್ಕಿ, ಹಳೇ ಪೇಪರಿನ ತುಂಡಿನಿಂದ ಒರೆಸಿ ಕಳಿಸುತ್ತಿದ್ದರು. ಅದು ಯಾವ ಕೇರಿಯ ಬೆರಳು ಎಂದು ಅವರು ಕೇಳಿದ್ದನ್ನು ನಾನು ಎಂದೂ ನೋಡಿಲ್ಲ. ಅವರು ಎಲ್ಲರಿಗೂ ಮೊದಲು ಕೇಳುತ್ತಿದ್ದುದು ಒಂದೇ: "ಉತಾರ ಯಾರ ಹೆಸರಿಲೆ ಐತಿ?"

ಉತಾರ ಎಂದರೆ ಆಸ್ತಿ ಯಾರದು ಎಂದು ಹೇಳುವ ಸರಕಾರಿ ಕಾಗದ. ನಮ್ಮ ಕಡೆ ಹೊಲಕ್ಕೂ ಉತಾರ, ಮನೆಗೂ ಉತಾರ. ಎಷ್ಟೋ ಮಂದಿ ಆ ಪ್ರಶ್ನೆಗೆ ಗಕ್ಕನೆ ನಿಂತುಬಿಡುತ್ತಿದ್ದರು. ಮನೆ ಅಣ್ಣನದೋ ತಮ್ಮನದೋ, ಸತ್ತ ಅಜ್ಜನ ಹೆಸರಿನಲ್ಲೇ ಇದೆಯೋ ಗೊತ್ತಿಲ್ಲ. ಆದರೆ ಬಾಡಿಗೆಗೆ ಕೊಟ್ಟು ವರ್ಷಗಳೇ ಆಗಿರುತ್ತಿದ್ದವು.

ಅವರು ಗೋಕಾಕದವರು. ಬಾಡಿಗೆ ಕರಾರು, ಆಸ್ತಿ ಕಾಗದ, ಆದಾಯ ತೆರಿಗೆಯ ರಿಟರ್ನು, ಇಷ್ಟೇ ಅವರ ಕೆಲಸ. ಕೋರ್ಟಿನ ಮೆಟ್ಟಿಲು ಹತ್ತುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. "ಜಗಳ ಆದ ಮ್ಯಾಲ ಬಡದಾಡವ್ರು ಭಾಳ ಮಂದಿ ಅದಾರ. ನಾ ಜಗಳ ಆಗೂಕಿಂತ ಮೊದಲ ಬರೂ ವಕೀಲ" ಎನ್ನುತ್ತಿದ್ದರು. ಸಾಲಿಯ ಟೀಚರಮ್ಮರನ್ನು ನಮ್ಮಲ್ಲಿ ಅಕ್ಕಾರು ಎನ್ನುವುದು ರೂಢಿ. ಇವರ ಬೈಗುಳ ಥೇಟ್ ಸಾಲಿಯ ಬೈಗುಳದಂತೆಯೇ ಇದ್ದುದರಿಂದ ಇವರೂ ಅಕ್ಕಾರೇ ಆದರು. ಸಂತೆಯ ದಿನ ಬಸ್ಸು ಹಿಡಿದು ಮೂಡಲಗಿಗೆ ಬಂದು, ಝೆರಾಕ್ಸ್ ಅಂಗಡಿಯೊಂದರ ಮೂಲೆಯಲ್ಲಿ ಮೇಜು ಹಾಕಿ ಕೂಡುತ್ತಿದ್ದರು. ಆ ಅಂಗಡಿಯವನಿಗೂ ಅವರಿಗೂ ಫ್ಯಾನಿನ ಸಲುವಾಗಿ ಕಾಯಂ ಜಗಳ. ಅವನಿಗೆ ಫ್ಯಾನು ಹಾಕಿದರೆ ಕಾಗದ ಹಾರುತ್ತವೆ, ಇವರಿಗೆ ಹಾಕದಿದ್ದರೆ ಎಣ್ಣೆ ಇಳಿಯುತ್ತದೆ. ಇಬ್ಬರಲ್ಲಿ ಒಬ್ಬರೂ ಸೋತದ್ದನ್ನು ನಾನು ಕಾಣೆ.

ಅಕ್ಕಾರು ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿಕೊಂಡೇ ಕುಡಿಯಬೇಕು. ಹೊಗಳಿದರೆ ಸಿಟ್ಟು ಬರುತ್ತಿತ್ತು. ಕೆಲಸವಾದ ಖುಷಿಗೆ ಯಾರಾದರೂ ಕರದಂಟಿನ ಡಬ್ಬಿ ತಂದರೆ, "ಗೋಕಾಕದಾಕಿಗೆ ಕರದಂಟ ತರ್ತೀರಲ್ರಿ, ಶ್ಯಾಣೆರದೀರಿ ಬಿಡ್ರಿ" ಎಂದು ಚುಚ್ಚಿ, ಡಬ್ಬಿ ಒಡೆದು ಅಲ್ಲೇ ಇದ್ದವರಿಗೆಲ್ಲ ಹಂಚುತ್ತಿದ್ದರು. ಬಾಯಿ ಅಷ್ಟು ಜೋರಿದ್ದರೂ ಸಂತೆ ದಿನ ಆ ಮೂಲೆಯಲ್ಲಿ ಹೆಂಗಸರೇ ಹೆಚ್ಚು ಕಾಣುತ್ತಿದ್ದರು.

ನಾವು ಅವರ ಬಳಿಗೆ ಹೋದದ್ದು ಒಂದು ಕೀಲಿಯ ದೆಸೆಯಿಂದ. ನಮ್ಮ ಮನೆಯ ಮಾಳಿಗೆಗೆ ಬೇರೊಬ್ಬರು ಜಡಿದ ಕೀಲಿ.

ಮೂಡಲಗಿ ತಾಲೂಕು ಆದ ಮೇಲೆ ಊರಿಗೆ ಕಚೇರಿ ಬಂದವು, ಸಾಹೇಬರು ಬಂದರು, ಗುಮಾಸ್ತರು ಬಂದರು. ಯಾರೂ ತಿರುಗಿ ನೋಡದ ನಮ್ಮ ರಸ್ತೆಯಲ್ಲೂ 'ಮನಿ ಬಾಡಗಿಗೆ ಐತೇನ್ರಿ' ಎಂದು ಕೇಳುವವರು ಬಂದರು. ಅಪ್ಪ ಗೌಂಡಿ. ಊರವರಿಗೆಲ್ಲ ಮನೆ ಕಟ್ಟಿಕೊಟ್ಟು, ರಜೆಯ ದಿನಗಳಲ್ಲಿ ನಮ್ಮ ಮನೆ ಕಟ್ಟಿದ. ಕೆಳಗೆ ನಾವಿರುವ ಎರಡು ಖೋಲಿ, ರಸ್ತೆಗೆ ಮುಖ ಮಾಡಿದ ಒಂದು ಅಂಗಡಿ ಖೋಲಿ, ಮೇಲೆ ಎರಡು ಖೋಲಿ ಮತ್ತು ಬಯಲು ಮಾಳಿಗೆ. ಜಾಗ ಮಾತ್ರ ಅವ್ವನ ಹೆಸರಿಗೆ ಮಂಜೂರಾದದ್ದು. ಆ ಕಾಗದ ಟ್ರಂಕಿನಲ್ಲಿ ಬುದ್ಧನ ಚಿತ್ರದ ಕೆಳಗೆ ಭದ್ರವಾಗಿತ್ತು. ಅದನ್ನು ತೆಗೆದು ಓದಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಮೊದಲ ಬಾಡಿಗೆದಾರರಾಗಿ ಬಂದವರು ನಾಗನೂರಿನ ಸಾವ್ಕಾರರು. ಬೀಜ-ಗೊಬ್ಬರದ ಅಂಗಡಿ ತೆರೆಯಬೇಕಿತ್ತು ಅವರಿಗೆ. ಅಪ್ಪನ ಸಂಭ್ರಮ ನೋಡಬೇಕಿತ್ತು! ಏಕೆಂದರೆ ಹುಡುಗನಾಗಿದ್ದಾಗ ಅವನು ಅವರ ತಂದೆಯ ಹೊಲದಲ್ಲೇ ವರ್ಷದ ಸಂಬಳಕ್ಕೆ ಆಳಾಗಿದ್ದವನು. ಅವ್ವ ಅದೇ ಹೊಲದಲ್ಲಿ ಕಳೆ ತೆಗೆದವಳು. ಅಂಥ ಮನೆತನದವರು ನಮ್ಮ ಮನೆಗೆ ಬಾಡಿಗೆ ಕೇಳಿಕೊಂಡು ಬಂದರಲ್ಲ ಎಂದು ಅಪ್ಪ ಮೂರು ದಿನ ನೆಲದ ಮೇಲೆ ಕಾಲಿಡಲಿಲ್ಲ. ಸಾವ್ಕಾರರು ನಮ್ಮ ಮನೆಯಲ್ಲಿ ಚಹಾ ಕುಡಿಯಲಿಲ್ಲ, ಹೊಟೇಲಿಗೆ ಕರೆದೊಯ್ದು ಅಪ್ಪನಿಗೇ ಕುಡಿಸಿದರು. ಅಪ್ಪ ಅದನ್ನೂ ಮರ್ಯಾದೆ ಎಂದೇ ತಿಳಿದ. ನನಗೆ ಮೈ ಉರಿದಿತ್ತು, ಆದರೆ ಡಿಗ್ರಿ ಓದುವ ಹುಡುಗಿಯ ಮಾತು ಯಾರು ಕೇಳುತ್ತಾರೆ?

ಅಪ್ಪನಿಗೆ ಗೊತ್ತಿದ್ದ ಕರಾರು ಒಂದೇ, ಆಳಿನ ಕರಾರು. ಯುಗಾದಿ ಪಾಡ್ಯದಿಂದ ಮುಂದಿನ ಯುಗಾದಿ ಪಾಡ್ಯದ ತನಕ, ವರ್ಷದ ಹಣ ಒಂದೇ ಸಲಕ್ಕೆ. ನಮ್ಮ ಕಡೆ ಹೊಲದ ಲಾವಣಿ, ಅಂದರೆ ಗೇಣಿಯೂ ಹಾಗೇ. ಛಾಪಾ ಕಾಗದದ ಮೇಲೆ ಅದನ್ನೇ ಬರೆಸಿ, ಅಂಗಡಿ, ಮೇಲಿನ ಖೋಲಿ, ಮಾಳಿಗೆ ಎಲ್ಲವನ್ನೂ ಒಟ್ಟಿಗೆ ಸಾವ್ಕಾರರಿಗೆ ಕೊಟ್ಟು, ಮನೆಯ ಮಾಲಕ ಎಂದು ತಾನೇ ಸಹಿ ಮಾಡಿದ. ಸಾವ್ಕಾರರು ಮೇಲೆ ಬೀಜದ ಚೀಲ ಒಟ್ಟಿ, ಮೆಟ್ಟಿಲ ಬಾಗಿಲಿಗೆ ಕೀಲಿ ಹಾಕಿದರು. ಅವ್ವ ಮೆಣಸಿನಕಾಯಿ ಒಣಗಿಸಲು ಬಾಜೂ ಮನೆಯವರ ಮಾಳಿಗೆ ಬೇಡಬೇಕಾಯಿತು. ಗಂಡ ಗಾರೆ ಕಲಿಸುವಾಗ ತಾನು ತಲೆಯ ಮೇಲೆ ಬುಟ್ಟಿ ಹೊತ್ತು ಹತ್ತಿದ ಮಾಳಿಗೆ ಅದು. ಅವ್ವ ವರ್ಷ ಮುಗಿಯಲಿ ಎಂದು ಹಲ್ಲು ಕಚ್ಚಿ ಕೂತಳು.

ಆ ನಡುವೆ ಅರಭಾವಿಯ ಕಾಲೇಜಿನಲ್ಲಿ ಓದುವ ಮೂವರು ಹುಡುಗಿಯರು ಖೋಲಿ ಕೇಳಿಕೊಂಡು ಬಂದರು. ಹಾಸ್ಟೆಲಿನಲ್ಲಿ ಜಾಗ ಸಿಕ್ಕಿಲ್ಲ. ಊರಲ್ಲಿ ಕೇಳಿದರೆ ಬಾಡಿಗೆ ಎಷ್ಟು ಎನ್ನುವ ಮೊದಲು 'ನೀವು ಯಾವ ಪೈಕಿ' ಎಂದು ಜಾತಿಯ ಪ್ರಶ್ನೆ, ಆಮೇಲೆ 'ಖೋಲಿ ಖಾಲಿ ಇಲ್ಲ'. ಅವ್ವ ಅವರನ್ನು ಒಳಗೆ ಕೂಡಿಸಿ ಕಡಲೆಹಿಟ್ಟಿನ ಜುಣಕ, ರೊಟ್ಟಿ ಬಡಿಸಿ, "ಯುಗಾದಿ ಆಗ್ಲಿ, ಬರ್ರೆವ್ವಾ. ಮ್ಯಾಲಿನ ಖೋಲಿ ನಿಮ್ಮವು" ಎಂದು ಮಾತು ಕೊಟ್ಟಳು. ಆವತ್ತಿನಿಂದ ಅದು ಅವಳ ಹಟವಾಯಿತು.

ಹನ್ನೆರಡು ತಿಂಗಳು ಮುಗಿದವು. ಮೇಲಿನ ಖೋಲಿ ಬಿಡಿ ಎಂದರೆ ಸಾವ್ಕಾರರು ನಕ್ಕರು. ಆ ವರ್ಷ ಅಧಿಕ ಮಾಸ ಬಂದಿತ್ತು, ಯುಗಾದಿಗೆ ಇನ್ನೂ ಒಂದು ತಿಂಗಳಿತ್ತು. "ಖರೆ ಐತಿ, ಯುಗಾದಿ ಅಂದ್ರ ಯುಗಾದಿನs" ಎಂದ ಅಪ್ಪ. ಅವ್ವ ಅದನ್ನೂ ನುಂಗಿದಳು. ಕಡೆಗೂ ಪಾಡ್ಯ ಬಂತು. ಬೇವು-ಬೆಲ್ಲ ತಿಂದು ಪೇಟೆಗೆ ಹೋದ ಅಪ್ಪ ತಿರುಗಿ ಬಂದಾಗ ಅವನ ಕಿಸೆಯಲ್ಲಿ ಮುಂದಿನ ಯುಗಾದಿಯವರೆಗಿನ ಸಂಚಕಾರದ ಹಣವಿತ್ತು. ಸಾವ್ಕಾರರು ಹೊಟೇಲಿನಲ್ಲಿ ಎಲೆ-ಅಡಿಕೆಯ ಜೊತೆ ಕೈಗಿಟ್ಟರಂತೆ, ಇವನು ತೆಗೆದುಕೊಂಡನಂತೆ.

"ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ" ಎಂದ ಅಪ್ಪ.

ಅವ್ವ ಮುಂದಿನ ಸಂತೆಯ ದಿನ ಟ್ರಂಕು ತೆಗೆದು ಕಾಗದಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು, "ಏಳ, ಆ ವಕೀಲ ಅಕ್ಕಾರ ಕಡೆ ಹೋಗೂಣು" ಎಂದು ನನ್ನನ್ನು ಎಬ್ಬಿಸಿದಳು.

ಅಕ್ಕಾರು ಅಪ್ಪನ ಕರಾರನ್ನು ಓದಿದರು. ಓದುತ್ತ ಓದುತ್ತ ಅವರ ಹೊಟ್ಟೆ ಕುಲುಕತೊಡಗಿತು. ನಗು ತಡೆಯಲಾರದೆ ಝೆರಾಕ್ಸಿನವನಿಗೆ ಹೇಳಿದರು: "ಏ ಕೇಳಿಲ್ಲೆ. ಗ್ವಾಡಿ, ಮಾಳಗಿ, ಮೆಟ್ಲ, ಎಲ್ಲಾನೂ ವರ್ಷದ ಆಳ ಇಟ್ಟಾರ!" ಅವ್ವನ ಮುಖ ಸಣ್ಣದಾಯಿತು. ಅದನ್ನು ಕಂಡಕೂಡಲೇ ಅಕ್ಕಾರು ನಗು ನಿಲ್ಲಿಸಿ, ಕುರ್ಚಿ ಮುಂದಕ್ಕೆಳೆದು ಕೇಳಿದರು.

"ಉತಾರ ಯಾರ ಹೆಸರಿಲೆ ಐತಿ?"

ನಾನು ತೋರಿಸಿದೆ.

"ಹಂಗಾರ ಈ ಕರಾರಿಗೆ ಸಹಿ ಮಾಡಿದವ್ರು ಯಾರು?"

"ನಮ್ಮ ಮನ್ಯಾವ್ರ್ರಿ" ಎಂದಳು ಅವ್ವ.

"ಅವರ ಮನಿ ಅಲ್ಲಲ್ರಿ ಇದು. ನಿಮ್ಮ ಮನಿ. ಕೂಡ್ರಿ ಮಾಲಕರ, ನಿಂತ ಯಾಕ ಮಾತಾಡ್ತೀರಿ?"

ಅವ್ವ ಯಾರನ್ನು ಕರೆದರೆಂದು ಹಿಂದೆ ತಿರುಗಿ ನೋಡಿದಳು. ಹಿಂದೆ ಝೆರಾಕ್ಸ್ ಮಷೀನು ಬಿಟ್ಟರೆ ಯಾರೂ ಇರಲಿಲ್ಲ.

ಅಕ್ಕಾರು ಬಿಡಿಸಿ ಬಿಡಿಸಿ ಹೇಳಿದರು. ವರ್ಷದ ಲೆಕ್ಕದಲ್ಲಿ ಬಾಡಿಗೆ ಗೊತ್ತು ಮಾಡಿದರೆ ಆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಮಾಡಿಸದಿದ್ದರೆ ಅದರೊಳಗಿನ ಷರತ್ತು ಯಾವುದೂ ನಿಲ್ಲುವುದಿಲ್ಲ. ಅದರಿಂದಲೇ ಜನ ಹನ್ನೊಂದು ತಿಂಗಳಿಗೆ ಬರೆಸುವುದು. ಇನ್ನು ಮಾಲಕನಲ್ಲದವನು ಮಾಲಕ ಎಂದು ಸಹಿ ಹಾಕಿದ್ದಂತೂ ಕೇಳಲೇಬೇಡಿ. ಈಗ ಉಳಿದಿರುವುದು ತಿಂಗಳ ಬಾಡಿಗೆದಾರಿಕೆ ಮಾತ್ರ. ಹದಿನೈದು ದಿನ ಮೊದಲು ನೋಟೀಸು ಕೊಟ್ಟು ಬಿಡಿಸಿಕೊಳ್ಳಬಹುದು. ಆದರೆ ಕೊಡಬೇಕಾದವರು ಅವ್ವ.

"ನೀವ ಒಂದ ಮಾತ ಹೇಳ್ರಿ ಅಕ್ಕಾರ, ಅವರಿಗೆ. ನಿಮ್ಮ ಮಾತ ಕೇಳ್ತಾರ" ಎಂದಳು ಅವ್ವ.

"ನಾ ಹೇಳಿದ್ರ ಅವರು ನನಗ ಹೆದರ್ತಾರ, ನಿಮಗಲ್ಲ. ನಾಳೆ ನಾ ಗೋಕಾಕಕ್ಕ ಹೋಗಾಕಿ. ಆ ಮನ್ಯಾಗ ಬಾಳೇ ಮಾಡಾವ್ರು ನೀವು. ನೋಟೀಸ ನಾ ಬರದ ಕೊಡ್ತೇನಿ, ಬಾಯಿ ನಿಮ್ಮದs ಬೇಕು. ಮೊದಲ ಗೌಂಡ್ಯಾರನ್ನ ಕರಕೊಂಡ ಬರ್ರಿ."

ಅಪ್ಪ ಒಂದು ವಾರ ಒಪ್ಪಲಿಲ್ಲ. "ಮನಿ ಕಟ್ಟಿದಾಂವ ನಾ ಅಲ್ಲೇನು?" ಎಂದು ಗೋಡೆಯನ್ನೇ ಕೇಳುತ್ತಿದ್ದ. ಮುಂದಿನ ಸಂತೆಗೆ ಬಂದದ್ದೂ ಜಗಳಕ್ಕೇ. ಮೇಜಿನ ಮುಂದೆ ಸೆಟೆದು ನಿಂತು ಅದನ್ನೇ ಕೇಳಿದ. ಅಕ್ಕಾರು ಸಿಟ್ಟಾಗಲಿಲ್ಲ. ಅವನಿಗೆ ಚಹಾ ತರಿಸಿದರು, ತಮ್ಮದನ್ನು ಬಸಿಗೆ ಸುರುವಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು.

"ಗೌಂಡ್ಯಾರ, ಅವರ ಹೊಲದಾಗ ನೀವ ಆಳ ಇದ್ರಿ ಅಂತಲ್ಲ, ಅಧಿಕ ಮಾಸ ಬಂದ ವರ್ಷ ಆ ತಿಂಗಳದ ಪಗಾರ ಕೊಡ್ತಿದ್ರೇನು?"

ಅಪ್ಪ ಅದನ್ನು ಜೀವಮಾನದಲ್ಲಿ ಯೋಚಿಸಿಯೇ ಇರಲಿಲ್ಲ. ಯುಗಾದಿಯಿಂದ ಯುಗಾದಿ ಎಂದರೆ ಹದಿಮೂರು ತಿಂಗಳಾದರೂ ದುಡಿಯುವುದು, ಅಷ್ಟೇ. ಅವನ ಮುಖದಲ್ಲಿ ನಗು ಮೂಡಿತು, ಒಳ್ಳೆಯ ನಗುವಲ್ಲ. "ಅಧಿಕ ಮಾಸದಾಗ ಹಸಿವು ಅಷ್ಟ ಅಧಿಕ ಇತ್ರಿ, ಪಗಾರ ಇರಲಿಲ್ಲ" ಎಂದ.

"ಅಂಥಾದs ಪುಕ್ಕಟ ತಿಂಗಳ ಈಗ ನಿಮ್ಮ ಮಾಳಗಿ ಕಡಿಂದನೂ ದುಡಿಸಿಕೊಂಡ್ರು ನೋಡ್ರಿ. ಸರಕಾರದ ತೆರಿಗಿಗೆ ಅಧಿಕ ಮಾಸ ಇಲ್ಲ ಗೌಂಡ್ಯಾರ, ನಮಗ್ಯಾಕ ಬೇಕು? ಮನಿ ಕಟ್ಟಿದ ನಿಮ್ಮ ಕೈ ಯಾರೂ ಕಸಗೊಳ್ಳೂದಿಲ್ಲ. ಹೊಸಾ ಕರಾರಿಗೆ ಮಾಲಕರ ಸಹಿ ಅವರದು, ಮೊದಲನೇ ಸಾಕ್ಷಿ ನೀವು. ಆದೀತಿಲ್ಲೋ?"

ಅಪ್ಪ ಚಹಾ ಮುಗಿಸಿದ. ಮನೆಗೆ ಬಂದು, ಸಂಚಕಾರದ ಹಣವನ್ನು ಕಿಸೆಯಿಂದ ತೆಗೆದು ಅವ್ವನ ಮುಂದಿಟ್ಟ.

ಅದನ್ನೂ ನೋಟೀಸನ್ನೂ ಹಿಡಿದು ಅವ್ವ ಮರುದಿನ ಬೆಳಿಗ್ಗೆ ಅಂಗಡಿಗೆ ಹೋದಳು. ನಾನು ಬೆನ್ನ ಹಿಂದಿದ್ದೆ. ಅಲ್ಲಿಯವರೆಗೆ ಅವಳು ಆ ಅಂಗಡಿಯ ಮುಂದೆ ಏನಾದರೂ ಹೇಳಬೇಕಾದರೆ ರಸ್ತೆಯಲ್ಲೇ ನಿಲ್ಲುತ್ತಿದ್ದಳು. ಆವತ್ತು ಮೆಟ್ಟಿಲು ಹತ್ತಿ ಒಳಗೆ ಹೋದಳು. ಹಣ ಮತ್ತು ಕಾಗದವನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಳು.

"ಸಾವ್ಕಾರ್ರ, ಮ್ಯಾಲಿನ ಖೋಲಿ ಬಿಟ್ಟಕೊಡ್ರಿ. ನಾವು ಹುಡಿಗ್ಯಾರಿಗೆ ಮಾತ ಕೊಟ್ಟೇವಿ."

ಸಾವ್ಕಾರರು ಕಾಗದದ ಕಡೆ ನೋಡಲೂ ಇಲ್ಲ. "ನಿನ್ನ ಗಂಡನ ಕೂಡ ಮಾತಾಡೇನಿ. ನೀ ಮನೀಗಿ ನಡಿ" ಎಂದರು.

"ನಾ ಮನ್ಯಾಗs ಅದೇನಲ್ರಿ" ಎಂದಳು ಅವ್ವ.

ಜೋರಾಗಿ ಹೇಳಲಿಲ್ಲ. ಬೀಜ ಕೊಳ್ಳಲು ಬಂದಿದ್ದ ಇಬ್ಬರು ರೈತರು ತಲೆ ಎತ್ತಿ ನೋಡಿದರು. ಸಾವ್ಕಾರರು ಕಾಗದ ಬಿಡಿಸಿದರು. ಓದಿ, ಮತ್ತೆ ಓದಿ, ಅವ್ವನ ಮುಖ ನೋಡಿದರು. ಇಷ್ಟು ವರ್ಷಗಳಲ್ಲಿ ಅವರು ಅವಳ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲೇನೋ.

ಅವರು ಸಿಡುಕುತ್ತ ಅಕ್ಕಾರ ಹತ್ತಿರ ಹೋದದ್ದು ಹೌದು. ಆದರೆ ಮನುಷ್ಯ ವ್ಯಾಪಾರಿ. ಅವರಿಗೆ ಅಂಗಡಿ ಬೇಕಿತ್ತು, ಆ ರಸ್ತೆ ಬೇಕಿತ್ತು, ತಮ್ಮ ತೆರಿಗೆ ಲೆಕ್ಕದಲ್ಲಿ ಬಾಡಿಗೆಯ ಖರ್ಚು ತೋರಿಸಲು ಸರಿಯಾದ ಮಾಲಕರ ಪಾವತಿ ಚೀಟಿಯೂ ಬೇಕಿತ್ತು. ಮೇಲಿನ ಖೋಲಿ, ಮಾಳಿಗೆ ಬಿಡಲು ಒಪ್ಪಿದರು. ಅಕ್ಕಾರು ಮನೆಯನ್ನು ಕಾಗದದ ಮೇಲೆ ಎರಡು ಮಾಡಿದರು. ಅಂಗಡಿಗೆ ಬೇರೆ ಕರಾರು, ವಸತಿಗೆ ಬೇರೆ ಕರಾರು. ಪುರಸಭೆಯಲ್ಲಿ ಕೆಳಗಿನದು ವ್ಯಾಪಾರದ ಜಾಗ ಎಂದು ಬರೆಸಿ ಅದರ ಕರ ಕಟ್ಟಿಸಿದರು. ಬಾಡಿಗೆ ತಿಂಗಳಿಗೊಮ್ಮೆ ಅವ್ವನ ಬ್ಯಾಂಕ್ ಖಾತೆಗೆ. ಸಾವ್ಕಾರರು ಕಡೆಯ ಪಟ್ಟು ಹಾಕಿದರು: "ಕಾಗದದಾಗ ಕಡಿಮಿ ಬರೀರಿ, ಉಳಿದದ್ದ ಕೈಯಾಗ ಕೊಡ್ತೇನಿ. ತೆರಿಗಿ ಉಳೀತೈತಿ, ಇವರಿಗೂ ಲಾಭ." ಅಪ್ಪ ಆಸೆಯಿಂದ ಅಕ್ಕಾರ ಮುಖ ನೋಡಿದ. ಅಕ್ಕಾರು ಅವ್ವನಿಗೆ ಹೇಳಿದರು: "ಮಾಲಕರ, ತೋರಿಸಿದ್ದು ನಿಮ್ಮದು. ಮುಚ್ಚಿಟ್ಟದ್ದು ಯಾರದರ ಆಗತೈತಿ." ಅವ್ವ ಪೂರಾ ಬರೆಯಿರಿ ಎಂದಳು.

ಆ ವರ್ಷವೇ ಅವ್ವ ರಿಟರ್ನು ತುಂಬಿದಳು. ಬಾಡಿಗೆಯಲ್ಲಿ ಪುರಸಭೆಯ ಕರ ಕಳೆದು, ಉಳಿದದ್ದರಲ್ಲಿ ನೂರಕ್ಕೆ ಮೂವತ್ತು ಮನೆಯ ದುರಸ್ತಿಗೆಂದು ಕಾನೂನೇ ಬಿಟ್ಟುಕೊಡುತ್ತದೆ ಎಂದು ಅಕ್ಕಾರು ವಿವರಿಸಿದಾಗ ಅಪ್ಪನಿಗೆ ಬಲು ಖುಷಿಯಾಯಿತು. "ಅಂದ್ರ ಸರಕಾರಕ್ಕೂ ಗೊತ್ತೈತಿ, ಗೌಂಡಿ ಬೇಕಾಗತಾನು ಅಂತ!" ಎಂದ. ಕಟ್ಟಬೇಕಾದ ತೆರಿಗೆ ಏನೂ ಬರಲಿಲ್ಲ. ಹಾಗಾದರೆ ತುಂಬುವುದೇಕೆ ಎಂದು ನಾನು ಕೇಳಿದ್ದಕ್ಕೆ ಅಕ್ಕಾರು ನನ್ನನ್ನು ಗದರಿದರು: "ನಿಮ್ಮವ್ವಗ ಒಂದ ಆದಾಯ ಐತಿ ಅಂತ ಈ ದೇಶದಾಗ ಎಲ್ಲೆರ ಒಂದ ಕಡೆ ಬರದಿರಬೇಕೋ ಬ್ಯಾಡೋ? ಕಲತಾಕಿ ಅಂತ, ಇಷ್ಟ ತಿಳೀವಲ್ದು." ಆ ಕಾಗದದ ಪ್ರತಿಯನ್ನು ಅವ್ವ ಓಣಿಯವರಿಗೆಲ್ಲ ತೋರಿಸಿದಳು.

ಹುಡುಗಿಯರು ಬಂದರು. ಅವರ ಕರಾರನ್ನೂ ಅಕ್ಕಾರೇ ಬರೆದರು, ಹನ್ನೊಂದು ತಿಂಗಳಿಗೆ. ತಮ್ಮಿಂದ ಒಂದು ಸಾಲನ್ನೂ ಸೇರಿಸಿದರು: ಮಾಳಿಗೆಯನ್ನು ಮಾಲಕರೂ ಬಾಡಿಗೆದಾರರೂ ಕೂಡಿ ಬಳಸತಕ್ಕದ್ದು. ಮೆಣಸಿನಕಾಯಿಯ ಬಾಜೂ ಪುಸ್ತಕ ಹಿಡಿದು ಕೂಡುವ ಹುಡುಗಿಯರು ವರ್ಷ ವರ್ಷ ಬದಲಾದರು. ಒಬ್ಬಳು ಈಗ ತೋಟಗಾರಿಕೆ ಅಧಿಕಾರಿ. ಸಾವ್ಕಾರರ ಅಂಗಡಿ ಇನ್ನೂ ಅಲ್ಲೇ ಇದೆ. ಅವರು ಅವ್ವನನ್ನು 'ನೀವು' ಎನ್ನುವುದಿಲ್ಲ, 'ನೀ' ಎನ್ನುವುದನ್ನೂ ಬಿಟ್ಟಿದ್ದಾರೆ. ಹೇಗೋ ಎರಡರ ನಡುವೆ ಮಾತು ಸಾಗಿಸುತ್ತಾರೆ. ಅವರ ಅಂಗಡಿಯ ಹುಡುಗರು ಮಾತ್ರ 'ಮಾಲಕರ' ಎಂದೇ ಕರೆಯುತ್ತಾರೆ.

ನಾನು ಹುಕ್ಕೇರಿಯಲ್ಲಿ ನೌಕರಿಗೆ ಸೇರಿದೆ. ಅಲ್ಲಿ ನನಗೂ ಬಾಡಿಗೆ ಮನೆ ಬೇಕಾಯಿತು. ಮನೆಯವರು ಬಾಯಿಮಾತಿನಲ್ಲಿ ಸಾಕು ಎಂದರು. ನಾನು ಅಕ್ಕಾರಿಗೆ ಫೋನು ಮಾಡಿದೆ. "ಕರಾರ ಮಾಡಸ್ಕೊ. ಮಾಲಕರಿಗೆ ಅಷ್ಟ ಅಲ್ಲ, ಬಾಡಗಿ ಇದ್ದಾಕಿಗೂ ಬೇಕದು. ನಾಳೆ ನಿನ್ನ ಹೆಸರ ಕೇಳಿ ಮಾರಿ ತಿರುವಿದ್ರ, ಕಾಗದ ತಿರುವೂದಿಲ್ಲ" ಎಂದರು. ಮಾಡಿಸಿಕೊಂಡೆ. ನನ್ನ ಖೋಲಿಯ ಗೋಡೆಯ ಮೇಲೆ ಬುದ್ಧನ ಚಿತ್ರ ಕಂಡ ಮೇಲೆ ಆ ಮನೆಯವರ ಮಾತು ತಣ್ಣಗಾಯಿತು. ನಾನು ಮಾತ್ರ ಕರಾರು ಮುಗಿಯುವ ತನಕ ಅಲ್ಲೇ ಇದ್ದೆ, ತಲೆ ಎತ್ತಿಕೊಂಡೇ ಇದ್ದೆ. ಮುಗಿಯುವ ಹೊತ್ತಿಗೆ ಆ ಮನೆಯಾಕೆ ನನ್ನ ಕೈಯ ಜುಣಕದ ರುಚಿ ಹತ್ತಿಸಿಕೊಂಡಿದ್ದಳು. ಮತ್ತೆ ಹನ್ನೊಂದು ತಿಂಗಳಿಗೆ ಬರೆಸೋಣ ಎಂದವಳು ಅವಳೇ.

ಕಳೆದ ವರ್ಷ ಅಕ್ಕಾರು ತೀರಿಕೊಂಡರು. ಹಿಂದಿನ ಸಂತೆಗೂ ಬಂದಿದ್ದರಂತೆ, ಫ್ಯಾನಿನ ಜಗಳವನ್ನೂ ಆಡಿದ್ದರಂತೆ. ಸುದ್ದಿ ಕೇಳಿ ನಾನು ಹುಕ್ಕೇರಿಯಿಂದ ಹೊರಟೆ, ಅವ್ವ ಮೂಡಲಗಿಯಿಂದ ಒಬ್ಬಳೇ ಬಸ್ಸು ಹತ್ತಿ ಬಂದಳು. ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಕೂಡಿದೆವು. ದಾರಿಯುದ್ದಕ್ಕೂ ನನಗೆ ಒಂದೇ ಅಂಜಿಕೆ. ದೊಡ್ಡ ಮನೆತನ, ತುಂಬಿದ ಬಳಗ. ದೊಡ್ಡವರ ಮನೆಯ ಸಾವಿಗೆ ಅವ್ವ ಯಾವಾಗ ಹೋದರೂ ಬೇಲಿಯ ಹತ್ತಿರ ನಿಂತು, ದೂರದಿಂದ ಕೈ ಮುಗಿದು ಬಂದವಳು. ಇಲ್ಲಿಯೂ ಹಾಗೇ ನಿಂತಾಳು, ನನಗೆ ಅದನ್ನು ನೋಡಲಿಕ್ಕೆ ಆಗಲಿಕ್ಕಿಲ್ಲ ಎಂದುಕೊಂಡೆ.

ಅಕ್ಕಾರ ದೇಹವನ್ನು ಅವರ ಮನೆತನದ ರೂಢಿಯಂತೆ ಪಡಸಾಲೆಯಲ್ಲಿ ಕೂಡಿಸಿದ್ದರು. ಭಜನೆ ನಡೆದಿತ್ತು. ಬಾಗಿಲಲ್ಲಿ ಬಳಗದ ಹಿರಿಯ ಹೆಂಗಸೊಬ್ಬರು ಬಂದವರನ್ನು ಒಳಗೆ ಬಿಡುತ್ತಿದ್ದರು. ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಕೆಟ್ಟ ನೋಟವೇನಲ್ಲ, ಗುರುತು ಹತ್ತಲಿಲ್ಲ ಅಷ್ಟೇ.

"ಅವರು ನಿಮಗ ಏನಾಗಬೇಕ್ರಿ?" ಎಂದು ಕೇಳಿದರು.

ಉಪಕಾರ ಮಾಡಿದವರು ಎನ್ನಲೇ, ಗುರ್ತಿನವರು ಎನ್ನಲೇ? ಅವ್ವ ಕಣ್ಣೊರೆಸಿಕೊಂಡು ಮುಂದೆ ಬಂದಳು.

"ನನ್ನ ವಕೀಲ್ರಾಗಬೇಕ್ರಿ" ಎಂದಳು.

ಆ ಹೆಂಗಸು ಬದಿಗೆ ಸರಿದು ದಾರಿ ಬಿಟ್ಟರು. ಅವ್ವ ಚಪ್ಪಲಿ ಕಳೆದಿಟ್ಟು, ಹೊಸ್ತಿಲು ದಾಟಿ, ಅಕ್ಕಾರ ಪಕ್ಕಕ್ಕೇ ಹೋಗಿ ಕೂತಳು.